ಯಂತ್ರದ ಅರಿವೂ ವೈದ್ಯನ ಹೊಣೆಯೂ

ರೋಗವನ್ನು ಅರಿಯುವುದು ಒಂದು. ರೋಗಿಯ ಹೊಣೆಯನ್ನು ಹೊರುವುದು ಮತ್ತೊಂದು. ಇವೆರಡೂ ಒಬ್ಬನೇ ವೈದ್ಯನಲ್ಲಿ ಕೂಡಿದ್ದ ಕಾಲದಲ್ಲಿ ಇವುಗಳ ಭೇದವನ್ನು ಎಣಿಸುವ ಅಗತ್ಯವಿರಲಿಲ್ಲ. ಕೃತಕ ಬುದ್ಧಿಮತ್ತೆಯೆಂಬ ಯಂತ್ರವಿದ್ಯೆಯು ಮೊದಲನೆಯದನ್ನು ಮನುಷ್ಯನಿಂದ ಬೇರ್ಪಡಿಸತೊಡಗಿರುವ ಈ ದಿನಗಳಲ್ಲಿ ಆ ಭೇದವು ಪ್ರತಿಯೊಬ್ಬ ಗೃಹಸ್ಥನ ವಿಚಾರಕ್ಕೂ ಬಂದಿದೆ.

ಈ ವಿದ್ಯೆಯ ಉಪಕಾರವನ್ನು ಅಲ್ಲಗಳೆಯಲಾಗದು. ಎದೆಯ ಎಕ್ಸ್‌-ರೇ ಚಿತ್ರದಲ್ಲಿ ಕ್ಷಯದ ಲಕ್ಷಣವನ್ನು ಗುರುತಿಸುವ ಗಣಕವಿಧಾನವನ್ನು 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ತಪಾಸಣೆಗೆ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಮ್ಮತಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜನರು ಕಠಿಣ ವ್ಯಾಧಿಗಳಿಗಾಗಿ ಘಟ್ಟವಿಳಿದು ಮಣಿಪಾಲಕ್ಕೋ, ಬಯಲುಸೀಮೆಯ ಹುಬ್ಬಳ್ಳಿಗೋ ಹೋಗುವುದುಂಟು. ತಜ್ಞರು ವಿರಳವಾದ ಇಂತಹ ಸೀಮೆಗೆ ಇದು ದೊಡ್ಡ ನೆರವೇ ಸರಿ.

ಆದರೆ ಒಂದು ದೃಷ್ಟಾಂತವನ್ನು ನೋಡಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ನೆರೆಯ ಸಿದ್ದಾಪುರವನ್ನೂ ಬಾಧಿಸಿದೆ. ಸೋಂಕಿದ ಉಣುಗಿನ ಕಡಿತದಿಂದ ಬರುವ ಈ ಜ್ವರವು ಮೊದಮೊದಲು ಇತರ ಜ್ವರಗಳಂತೆಯೇ ತೋರುವುದು. ದರಕು ತರಲು ಬೆಟ್ಟಕ್ಕೆ ಹೋಗಿಬಂದ ಕೂಲಿಕಾರನು ಜ್ವರ, ತಲೆನೋವು ಎಂದಷ್ಟೇ ಯಂತ್ರಕ್ಕೆ ತಿಳಿಸಿದರೆ, ಅದು ಸಾಮಾನ್ಯ ಜ್ವರವೆಂದು ಹೇಳುವ ಸಂಭವವುಂಟು. ಊರನ್ನು ಬಲ್ಲ ಆಶಾ ಕಾರ್ಯಕರ್ತೆಯಾದರೋ, "ಬೆಟ್ಟಕ್ಕೆ ಹೋಗಿದ್ದಿರಾ? ಆ ಕಡೆ ಮಂಗ ಸತ್ತದ್ದುಂಟೋ?" ಎಂದು ಕೇಳುವಳು. ಆ ಒಂದು ಪ್ರಶ್ನೆಯಲ್ಲಿ ಒಂದು ಪ್ರಾಣವು ಉಳಿದೀತು.

ಯಂತ್ರಕ್ಕೂ ಈ ಪ್ರಶ್ನೆಯನ್ನು ಕಲಿಸಬಾರದೇ ಎಂದರೆ, ಕಲಿಸಬಹುದು, ಕಲಿಸಲೂ ಬೇಕು. ಆ ಬಳಿಕವೂ ಅದು ತಪ್ಪಿದರೆ ಉತ್ತರ ಕೊಡುವವರಾರು? ಯಂತ್ರಕ್ಕೆ ಪಶ್ಚಾತ್ತಾಪವಿಲ್ಲ, ಮರುದಿನ ರೋಗಿಯು ಹೇಗಿರುವನೋ ಎಂಬ ಕಾತರವಿಲ್ಲ. ಅದರ ಮಾತನ್ನು ಒಪ್ಪಿ ನಡೆದ ಮನುಷ್ಯನೇ ಅದರ ಫಲಕ್ಕೂ ಬಾಧ್ಯನು.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಿದ್ದನು. ಚಿಕಿತ್ಸೆಯೇ ಅವನ ಕಾಯಕ. ಶರಣರ ಮತದಲ್ಲಿ ಅರಿವು ಆಚಾರದೊಡನೆ ಕೂಡಿದಾಗಲೇ ಪೂರ್ಣವಾಗುವುದು. ಆಚಾರವೋ, ತನ್ನ ನಡೆಗೆ ತಾನೇ ಹೊಣೆಯಾಗುವವನಲ್ಲಿ ಮಾತ್ರ ನೆಲೆಗೊಳ್ಳುವುದು. ಆದುದರಿಂದ ಯಂತ್ರವು ಕಾಯಕಕ್ಕೆ ಉಪಕರಣವಾಗಬಲ್ಲುದೇ ಹೊರತು ಕಾಯಕಜೀವಿಯಾಗಲಾರದು.

ಗೃಹಸ್ಥರು ಮೊಬೈಲಿನಲ್ಲಿ ದೊರೆತ ಉತ್ತರವನ್ನೇ ನೆಚ್ಚಿ ಜ್ವರದವರನ್ನು ಮನೆಯಲ್ಲಿರಿಸಿಕೊಳ್ಳದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ವೈದ್ಯರು ಯಂತ್ರವು ಉಳಿಸಿಕೊಟ್ಟ ವೇಳೆಯನ್ನು ರೋಗಿಯ ಮಾತು ಕೇಳುವುದಕ್ಕೆ ವಿನಿಯೋಗಿಸತಕ್ಕದ್ದು. ಹಾಗಾದಲ್ಲಿ ಆ ವೇಳೆಯೂ ದಾಸೋಹವೆನಿಸುವುದು.