ನೊಂದವರು ರೋಗಿಗಳೇ ಆಗಬೇಕೆ?

ಅಮೆರಿಕದ ವಲಸೆ ಕಾನೂನಿನಲ್ಲೊಂದು ಅವಕಾಶವಿದೆ. ದೇಶದೊಳಗೆ ಬಿಟ್ಟುಕೊಳ್ಳಲಾಗದು ಎನಿಸಿಕೊಂಡ ವ್ಯಕ್ತಿ, ತಾನು ದೂರವಾದರೆ ಅಲ್ಲಿಯ ಪ್ರಜೆಯಾದ ತನ್ನ ಗಂಡ ಅಥವಾ ಹೆಂಡತಿ ವಿಪರೀತ ಸಂಕಟಕ್ಕೆ ಒಳಗಾಗುತ್ತಾರೆಂದು ತೋರಿಸಿಕೊಟ್ಟರೆ ಕೆಲವು ಪ್ರಕರಣಗಳಲ್ಲಿ ವಿನಾಯಿತಿ ಸಿಗುತ್ತದೆ. ಅದಕ್ಕೆ ಮನಃಶಾಸ್ತ್ರಜ್ಞರ ವರದಿ ಮುಖ್ಯ ಸಾಕ್ಷಿಯಾಗಬಲ್ಲದು. ಚಿತ್ರಹಿಂಸೆ ಅನುಭವಿಸಿ ಆಶ್ರಯ ಬೇಡಿ ಬಂದವರ ಮೈಮನಸ್ಸಿನ ಗಾಯಗಳನ್ನು ದಾಖಲಿಸುವ ಕ್ರಮವನ್ನು 1999ರ ಇಸ್ತಾಂಬುಲ್ ಪ್ರೋಟೋಕಾಲ್ ಎಂಬ ಅಂತರರಾಷ್ಟ್ರೀಯ ಕೈಪಿಡಿ ಹೇಳಿಕೊಡುತ್ತದೆ. ಮನಸ್ಸಿನ ನೋವಿಗೂ ಕಡತದಲ್ಲಿ ಜಾಗ ಉಂಟು ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು.

ನಮ್ಮ ಹೊಸಪೇಟೆಯಲ್ಲಿ ಆ ಜಾಗ ಇರಲಿಲ್ಲ. 1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1953ರ ಹೊತ್ತಿಗೆ ನೀರು ನಿಂತಿತು. ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಆಗ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಬಲವಂತದ ಸ್ವಾಧೀನವೆಂಬ ಕಾರಣಕ್ಕೆ ಮಾರುಕಟ್ಟೆ ಬೆಲೆಯ ಮೇಲೆ ಶೇ. 15 ಹೆಚ್ಚುವರಿ ಕೊಡಬೇಕೆಂದು ಅದರ 23ನೇ ಕಲಮು ಹೇಳುತ್ತಿತ್ತು. ಮರುಕಲಮು, ಅಂದರೆ 24ನೆಯದು, ಭೂಮಿ ಬಿಟ್ಟುಕೊಡಲು ಮಾಲೀಕನಿಗೆ ಮನಸ್ಸಿಲ್ಲದಿರುವುದನ್ನು ಪರಿಹಾರ ಲೆಕ್ಕ ಹಾಕುವಾಗ ಪರಿಗಣಿಸಲೇಬಾರದು ಎನ್ನುತ್ತಿತ್ತು. ಮನಸ್ಸನ್ನು ಕಾಯ್ದೆಯೇ ಲೆಕ್ಕದಿಂದ ಹೊರಗಿಟ್ಟಿತ್ತು! 2011ರ ಜುಲೈನಲ್ಲಿ ಪಕ್ಕದ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ಕೆಡವಿದಾಗಲೂ ಅಲ್ಲಿದ್ದವರು ಸರ್ಕಾರದ ಕಣ್ಣಿಗೆ ಬರಿಯ ಒತ್ತುವರಿದಾರರು. ಅಂಥವರ ಮನಸ್ಸನ್ನು ಕೇಳುವವರು ಯಾರು?

ಹಾಗಾದರೆ ಇಲ್ಲಿಯೂ ಮನೋವೈದ್ಯರ ವರದಿ ತರಿಸಿದರೆ ಸಾಕೇ? ನನ್ನ ಅಳುಕು ಇರುವುದು ಇಲ್ಲಿಯೇ. ವರದಿ ಹುಡುಕುವುದು ಬಹುಮಟ್ಟಿಗೆ ಕಾಯಿಲೆಯನ್ನು: ನಿದ್ದೆ ಬರುತ್ತದೆಯೇ, ಖಿನ್ನತೆ ಇದೆಯೇ, ಸಾಯಬೇಕೆನಿಸಿದೆಯೇ. ಕುಸಿದವನ ಅರ್ಜಿಗೆ ಬಲ ಬರುತ್ತದೆ, ಹಲ್ಲುಕಚ್ಚಿ ನಿಂತವನದು ಸೊರಗುತ್ತದೆ. ಮುಳುಗಿದ ನಾರಾಯಣದೇವರಕೆರೆಯವರು ನೆಲೆನಿಂತ ಮರಿಯಮ್ಮನಹಳ್ಳಿಯನ್ನೇ ನೋಡಿ. ನಾಟಕಕ್ಕೆ ಹೆಸರಾದ ಊರು; ಜೋಗತಿ ನೃತ್ಯಕ್ಕಾಗಿ 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರು ನೆಲೆಸಿದ ಊರು. ಹಾಡುತ್ತ ಕುಣಿಯುತ್ತ ಬದುಕು ಕಟ್ಟಿಕೊಂಡ ಜನರನ್ನು ಪ್ರಶ್ನಾವಳಿ ಹಿಡಿದು ಅಳೆದರೆ, ಇವರಿಗೇನೂ ಆಗಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅವರ ಗಟ್ಟಿತನ ಅವರದು, ಅದನ್ನು ಊರು ಮುಳುಗಿಸಿದವರ ಲೆಕ್ಕದಲ್ಲಿ ಜಮಾ ಮಾಡಿಕೊಳ್ಳಲು ಯಾರಿಗೂ ಹಕ್ಕಿಲ್ಲ.

ದುಃಖ ರೋಗವಲ್ಲ. ಮನೆ, ಗುಡಿ, ಹಿರಿಯರ ಸಮಾಧಿ ಕಳೆದುಕೊಂಡವರು ಅಳುವುದು ಆರೋಗ್ಯವಂತ ಮನಸ್ಸಿನ ಲಕ್ಷಣ. ಮಾನಸಿಕ ಮೌಲ್ಯಮಾಪನ ಬೇಕು, ಖಂಡಿತ ಬೇಕು. ಚಿಕಿತ್ಸೆ ಬೇಕಾದವರು ಅದರಿಂದ ಕಣ್ಣಿಗೆ ಬೀಳುತ್ತಾರೆ. ಆದರೆ ನ್ಯಾಯ ಸಿಗಬೇಕಾದದ್ದು ಆದ ನಷ್ಟಕ್ಕೆ. ನೊಂದವರು ಎಷ್ಟು ಮುರಿದಿದ್ದಾರೆ ಎಂಬುದರ ಮೇಲೆ ಅದು ನಿಲ್ಲಬಾರದು.

2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಅದರ ಮೇಲೆ ಸಾರ್ವಜನಿಕ ವಿಚಾರಣೆಯನ್ನೂ ತಂದಿದೆ. ಸಂಡೂರಾಗಲಿ ಕಂಪ್ಲಿಯಾಗಲಿ, ನಾಳೆ ನಿಮ್ಮ ಊರಿನಲ್ಲಿ ಅಂಥ ವಿಚಾರಣೆ ನಡೆದರೆ ಎಕರೆ, ಮರ, ಬಾವಿಗಳ ಲೆಕ್ಕಕ್ಕೇ ನಿಲ್ಲಬೇಡಿ. ಮನಸ್ಸಿಗೆ ಏನಾಗುತ್ತದೆ ಎಂಬುದನ್ನೂ ನಿಮ್ಮದೇ ಮಾತಿನಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ.