ಮುಖವೂ ಅದರ ಚಿತ್ರವೂ

ಮನುಷ್ಯನ ಮುಖವು ಯಾರ ಸೊತ್ತು ಎಂಬ ಪ್ರಶ್ನೆಯು ಮೇಲುನೋಟಕ್ಕೆ ನಗೆಗೆ ಎಡೆಗೊಡುವಂತಹುದು. ಹೊತ್ತವರದೇ ಎಂದು ಯಾರಾದರೂ ಹೇಳಿಯಾರು. ಆದರೆ ಚಿತ್ರಕಾರನು ಕುಂಚವನ್ನು ಕೈಗೆತ್ತಿಕೊಂಡೊಡನೆ ಆ ಉತ್ತರವು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

2008ರಲ್ಲಿ ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಸ್ವಾಭಿಮಾನದ ಮೆರವಣಿಗೆಯು ಮೊದಲಾಯಿತು. ಜನರ ಬಾಯಲ್ಲಿ ಅದಕ್ಕೆ ‘ಪ್ರೈಡ್’ ಎಂದೇ ಹೆಸರು. ಆರಂಭದ ವರ್ಷಗಳಲ್ಲಿ ಮುಖವಾಡ ಧರಿಸಿ ನಡೆದವರೂ ಅಲ್ಲಿದ್ದರು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು; ಮುಖವಾಡದ ಕಾರಣಗಳಲ್ಲಿ ಒಂದು ಅಳಿಯಿತು. ಆದರೆ ಕಾಯಿದೆಯ ಭಯ ಬೇರೆ, ಊರಿನ ಭಯ ಬೇರೆ. ಸಿಂಧನೂರಿನಿಂದ ರಾತ್ರಿಯ ಬಸ್ಸು ಹತ್ತಿ ಬಂದು, ಮೆರವಣಿಗೆಯಲ್ಲಿ ಒಂದು ಹಗಲು ಸೀರೆಯುಟ್ಟು ನಡೆದು, ಮರುದಿನ ಅಂಗಿ ತೊಟ್ಟು ಭತ್ತದ ಗದ್ದೆಗೆ ಹಿಂದಿರುಗುವ ಒಬ್ಬರನ್ನು ಊಹಿಸಿಕೊಳ್ಳಬಹುದು. ಅವರು ತಮ್ಮ ಮುಖವನ್ನು ಬಯಲಿಗೆ ತಂದುದು ನಿಜ. ಆದರೆ ತಂದುದು ಆ ಬೀದಿಗೆ, ಆ ಹಗಲಿಗೆ. ಚಿತ್ರವಾದರೋ ಹಗಲು ಮುಗಿದರೂ ಮುಗಿಯದು.

ಬೀದಿಗೆ ಬಂದವರ ಚಿತ್ರ ಬರೆಯಲು ಅಪ್ಪಣೆ ಏಕೆಂದು ವಾದಿಸುವ ಚಿತ್ರಕಾರರಿರಬಹುದು. ಫೋಟೋವನ್ನು ಕ್ಷಣದಲ್ಲಿ ತೆಗೆದುಬಿಡಬಹುದು. ಎದುರು ಕುಳಿತವರ ಚಿತ್ರಕ್ಕೆ ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆಯಲ್ಲಿ ಚಿತ್ರವು ಎಲ್ಲಿಗೆ ಹೋಗುವುದು, ಯಾವ ಗೋಡೆಯಲ್ಲಿ ತೂಗುವುದು ಎಂದು ಕೇಳುವುದಕ್ಕೂ ಹೇಳುವುದಕ್ಕೂ ಅವಕಾಶವುಂಟು. ಅದನ್ನು ಕಳೆದುಕೊಂಡವನಿಗೆ ಕೌಶಲವಿರಬಹುದು, ಸೌಜನ್ಯವಿಲ್ಲ. ಹಾಗೆಂದು ಅವರ ಹಿತವನ್ನು ತಾನೇ ಬಲ್ಲೆನೆಂದು ಕೇಳದೆ ಮುಖವನ್ನು ಮಸುಕುಮಾಡುವುದೂ ಸಲ್ಲದು. ಬಾಳೆಲ್ಲ ಪರದೆಯ ಹಿಂದಿದ್ದವರಿಗೆ ಮತ್ತೊಂದು ಪರದೆ ಕಟ್ಟಿದಂತಾಗುವುದು.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಗೆ ಇಂತಹ ಮುಖಗಳು ಹೊಸವೇನಲ್ಲ. ಎಲ್ಲಮ್ಮನ ಜಗ ಹೊತ್ತು, ಚೌಡಿಕೆಯ ನಾದದೊಡನೆ ಬರುವ ಜೋಗಪ್ಪನಿಗೆ ಮನೆಯಾಕೆಯು ಮೊರದಲ್ಲಿ ಜೋಳ ತಂದು ನೀಡಿ ಕೈಮುಗಿಯುವಳು. ಕೈಮುಗಿದುದು ಜಗಕ್ಕೆ, ಜಗದ ಕೆಳಗಿನ ಮುಖವನ್ನು ನೋಡಿದಳೋ ಇಲ್ಲವೋ! ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ, ನಾಡು ಅಂತಹ ಒಂದು ಮುಖವನ್ನು ಕಣ್ತುಂಬ ನೋಡಿತು. ದೇವಿಯ ಆಸರೆಯೂ ಇಲ್ಲದ ಸಲಿಂಗಪ್ರೇಮಿಗಳಿಗೆ ಅಷ್ಟು ಭಾಗ್ಯವೂ ಇಲ್ಲ.

ಒಪ್ಪಿಗೆಗಿಂತಲೂ ಕಠಿನವಾದುದು ಸಾದೃಶ್ಯದ ಪ್ರಶ್ನೆ. ಕೆನ್ನೆಯಲ್ಲಿ ಗಡ್ಡದ ನೆರಳಿರುವವರು “ನಾನು ಹೆಣ್ಣು, ಹೆಣ್ಣಾಗಿಯೇ ಬರೆಯಿರಿ” ಎಂದರೆ, ಕಂಡುದನ್ನು ಬರೆಯುವುದು ಸತ್ಯವೋ, ಹೇಳಿದುದನ್ನು ಬರೆಯುವುದೋ? ಕಂಡುದೇ ಸತ್ಯವೆನ್ನುವವರು ಮಸ್ಕಿಯ ಬಂಡೆಯನ್ನು ನೆನೆಯಬೇಕು. ಅದುವರೆಗೆ ದೊರೆತ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳಿಂದ ಮಾತ್ರ ಕಾಣಿಸಿಕೊಂಡಿದ್ದ ದೊರೆಯ ಸ್ವಂತ ಹೆಸರು ಅಶೋಕನೆಂಬುದು 1915ರಲ್ಲಿ ಅಲ್ಲಿ ದೊರೆತ ಶಾಸನದಿಂದ ತಿಳಿಯಿತು. ಆತನ ಮುಖವೆಲ್ಲಿ? ಭೀಮಾತೀರದ ಸನ್ನತಿಗೆ ಸಮೀಪದ ಕನಗನಹಳ್ಳಿಯ ಸ್ತೂಪದ ಶಿಲಾಫಲಕವೊಂದರಲ್ಲಿದೆ. ‘ರಾಯೋ ಅಸೋಕೋ’ ಎಂಬ ಬರೆಹವೂ ಅಲ್ಲಿದೆ. ಕಡೆದ ಶಿಲ್ಪಿಯು ಅಶೋಕನ ಕಾಲಕ್ಕೆ ಬಹಳ ಈಚಿನವನು. ಅರಸನನ್ನು ಕಂಡವನೇ ಅಲ್ಲ. ಆದರೂ ಅದು ಅಶೋಕನಲ್ಲವೆಂದು ಯಾರೂ ಜಗಳಕ್ಕೆ ಬರುವುದಿಲ್ಲ. ಹೆಸರೇ ಅಲ್ಲಿ ಮುಖಕ್ಕೆ ಸಾಕ್ಷಿ. ಎಂದೋ ಗತಿಸಿದ ಅರಸನಿಗೆ ಸಲ್ಲುವ ನಂಬುಗೆಯು, ಎದುರಿಗೆ ಕುಳಿತು ತಾನಾರೆಂದು ತಾನೇ ಹೇಳುವ ಜೀವಕ್ಕೆ ಸಲ್ಲಬಾರದೇಕೆ? ತನ್ನ ಲಿಂಗವು ಯಾವುದೆಂದು ತಾನೇ ಹೇಳಿಕೊಳ್ಳುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ನ್ಯಾಯಾಧೀಶರು ಕೊಟ್ಟಷ್ಟು ಕಿವಿಯನ್ನು ಕಲಾವಿದನೂ ಕೊಡಬಹುದು.

ಹಾಗಾದರೆ ಚಿತ್ರಕಾರನ ಕಣ್ಣಿಗೆ ಬೆಲೆಯಿಲ್ಲವೆ? ಉಂಟು. ಕೆನ್ನೆಯ ನೆರಳನ್ನೂ ರಾತ್ರಿಯ ಬಸ್ಸಿನ ಆಯಾಸವನ್ನೂ ಬಿಡದೆ ಬರೆದು, ಅವುಗಳ ನಡುವೆಯೇ ಹೆಣ್ಣನ್ನು ಕಾಣಿಸಬಲ್ಲ ಕೈ ದೊಡ್ಡ ಕೈ. ಅಂತಹ ಕೈಗಳು ಹೆಚ್ಚಿಲ್ಲ.

ಕೆಲವರು ಕುಂಚವನ್ನು ತಾವೇ ಹಿಡಿದಿದ್ದಾರೆ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಸಾರ್ವಜನಿಕ ಗೋಡೆಗಳ ಮೇಲೆ ಭಾರಿ ಚಿತ್ರಗಳನ್ನು ಬರೆಯುತ್ತ ಬಂದರು. 2024ರಲ್ಲಿ ವೆನಿಸ್ ನಗರದ ಬಿಯೆನಾಲೆ ಕಲಾಪ್ರದರ್ಶನದಲ್ಲಿಯೂ ಅವರ ಚಿತ್ರವಿದ್ದಿತು. ಅಂತಹ ಗೋಡೆಯೊಂದು ಲಿಂಗಸುಗೂರಿನ ಪೇಟೆಯಲ್ಲಿ ಬಣ್ಣ ತಳೆಯುವ ದಿನ ಬಂದರೆ, ಅದರ ಮೇಲೆ ಯಾರ ಮುಖ ಬರಬೇಕು, ಬರಬಾರದು ಎಂದು ಹೇಳತಕ್ಕವರು, ಮರುದಿನ ಬೆಳಗ್ಗೆ ಅದೇ ಪೇಟೆಗೆ ಹಾಲು ಕೊಳ್ಳಲು ಹೋಗಬೇಕಾದವರು.