ಹಳೆಯ ಕಟ್ಟಿಗೆ, ಹೊಸ ಪೆಟ್ಟಿಗೆ

ಸವದತ್ತಿಯಲ್ಲಿ ಸೋದರಮಾವನ ಹಳೆಯ ಮನೆ ಕೆಡವಿದಾಗ ನಾಲ್ಕು ಸಾಗವಾನಿ ಜಂತಿಗಳು ನನ್ನ ಪಾಲಿಗೆ ಬಂದವು. ಅವನ್ನು ಟೆಂಪೋದಲ್ಲಿ ಹೇರಿಕೊಂಡು ಬೈಲಹೊಂಗಲದ ಬಡಿಗೇರ ಕಾಕಾನ ಅಂಗಡಿಗೆ ಒಯ್ದೆ. ನನಗೆ ಬೇಕಿದ್ದದ್ದು ಗಿಟಾರಿನ ವಾಲ್ವ್ ಆಂಪ್ಲಿಫೈಯರಿಗೆ ಒಂದು ಪೆಟ್ಟಿಗೆ. 12 ಇಂಚಿನ ಒಂದು ಸ್ಪೀಕರ್, ಅರ್ಧ ತೆರೆದ ಹಿಂಬದಿ, ನೋಡಲು 1950ರ ದಶಕದ್ದರಂತೆ.

ಆ ಕಾಲದ ಫೆಂಡರ್ ಪೆಟ್ಟಿಗೆಗಳು ಪೈನ್ ಹಲಗೆಯವು. ಎರಡು ಕೈಗಳ ಬೆರಳು ಹೆಣೆದಂತೆ ಮೂಲೆಗಳಲ್ಲಿ ಹಲ್ಲು ಕೊಯ್ದು ಕೂಡಿಸುತ್ತಿದ್ದರು. ಫೋಟೋ ನೋಡಿದ ಕಾಕಾ, "ಇದೇನ್ ದೊಡ್ಡದಲ್ಲ ಬಿಡ್ರಿ, ನಮ್ಮಪ್ಪ ಕಾಳಿನ ಪೆಟಗಿ ಹಿಂಗ ಮಾಡತಿದ್ದಾ" ಎಂದರು. ವಾರದಲ್ಲಿ ಪೆಟ್ಟಿಗೆ ಸಿದ್ಧವಾಯಿತು. ಆಗ ನಾನು, ಸರಪಳಿಯಿಂದ ಬಡಿದು ಅಲ್ಲಲ್ಲಿ ಗಾಯ ಮಾಡಿ, ಮೂಲೆ ತಿಕ್ಕಿ ಸವೆಸಿಕೊಡಿ ಎಂದೆ. ಕಾಕಾ ಉಳಿ ಕೆಳಗಿಟ್ಟರು.

"ಮೊಳಿ ತೂತು ಅದಾವಲ್ರಿ. ಅವು ಖರೇ ಗಾಯ. ನೀವು ಹೇಳೂದು ಸೋಗು."

ನಾನು ನಕ್ಕೆ. ಸರಪಳಿ ನಾನೇ ಹಿಡಿದೆ.

ಎರಡು ತಿಂಗಳ ನಂತರ ರಾಮದುರ್ಗದ ಒಂದು ಕಾರ್ಯಕ್ರಮದಲ್ಲಿ ನುಡಿಸಿದೆ. ಮುಗಿದ ಮೇಲೆ ಕಾಲೇಜು ಹುಡುಗನೊಬ್ಬ ಬಂದು ಸವೆದ ಮೂಲೆ ಸವರಿ, "ಹಳೇದೇನ್ರಿ ಸರ್?" ಎಂದ. "ಹೌದು, ನೂರು ವರ್ಷದ ಸಾಗವಾನಿ" ಎಂದೆ. "ಮಾರೂದಿದ್ರ ಹೇಳ್ರಿ, ರೊಕ್ಕ ಕೂಡಿಸೀನಿ" ಎಂದು ನಂಬರ್ ಕೊಟ್ಟ.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅವನು ಕೇಳಿದ್ದು ಕಟ್ಟಿಗೆಯ ವಯಸ್ಸನ್ನಲ್ಲ, ಪೆಟ್ಟಿಗೆಯದನ್ನು. ನಿಜವನ್ನೇ ಹೇಳಿ ಮೋಸ ಮಾಡಬಹುದೆಂದು ನನಗೆ ಅಂದೇ ತಿಳಿದದ್ದು.

ಹಾಗಾದರೆ ಅನುಕರಣೆಯೇ ತಪ್ಪೆ? 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪನ್ನು ಫೆಂಡರ್ ಬಾಸ್‌ಮನ್ ಮಾದರಿಯಲ್ಲೇ ಮಾಡಿದ. ಅದನ್ನು ಯಾರೂ ಕಳ್ಳ ಮಾಲು ಅನ್ನುವುದಿಲ್ಲ, ಏಕೆಂದರೆ ಅದರ ಮೇಲೆ ತನ್ನ ಹೆಸರನ್ನೇ ಹಾಕಿದ. ನಮ್ಮ ಕಡೆಯ ಪಾರಿಜಾತದಾಟದ ಕೃಷ್ಣನೂ ವೇಷ ಹಾಕುತ್ತಾನೆ. ಆದರೆ ಅದು ವೇಷವೆಂದು ನೋಡುವವರಿಗೆ ಗೊತ್ತು, ಆಟ ಮುಗಿದ ಮೇಲೆ ಅವನು ಕಿರೀಟ ತೆಗೆಯುತ್ತಾನೆ. ನಾನು ತೆಗೆಯಲಿಲ್ಲ. ತಪ್ಪು ಹೋಲಿಕೆಯಲ್ಲಿಲ್ಲ, ನೋಡುವವನು ತಪ್ಪು ತಿಳಿಯಲೆಂದು ಕಾಯುವುದರಲ್ಲಿದೆ.

ನಮ್ಮೂರು ಕಿತ್ತೂರು. 1824ರ ಯುದ್ಧ ಕಂಡ ಕೋಟೆಯ ಪಾಳುಗೋಡೆಗಳ ಪಕ್ಕದಲ್ಲೇ ದಿನವೂ ಓಡಾಡುತ್ತೇನೆ. ಆ ಗೋಡೆಗಳ ಮುಂದೆ ಜನ ಸುಮ್ಮನೆ ನಿಲ್ಲುವುದು ಅವು ಮುರಿದಿವೆ ಎಂದಲ್ಲ, ಅವುಗಳ ಮೇಲೆ ಏನೋ ನಿಜವಾಗಿ ನಡೆದಿದೆ ಎಂದು. ನನ್ನ ಪೆಟ್ಟಿಗೆಯ ಮೇಲೆ ನಡೆದದ್ದು ಒಂದು ಮಧ್ಯಾಹ್ನದ ಸರಪಳಿ ಏಟು ಮಾತ್ರ.

ಹಿಂಬದಿಯ ಹಲಗೆಯ ಒಳಗೆ ಕಾಕಾನ ಹೆಸರು, ಊರು, ಇಸವಿ ಬರೆದೆ. ಆಮೇಲೆ ಆ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಅವತ್ತ ಯಾಕ ಹೇಳಲಿಲ್ರಿ ಸರ್?" ಎಂದ.

ಅದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.